ಹತ್ತು ಗಂಟೆಗೆ ಮುಚ್ಚುವ ಗೇಟು: ಚಿಯಾಂಗ್ ಮಾಯ್‌ನಲ್ಲಿ ಕ್ರೈಸ್ತ ಸೇವೆಗಿದ್ದ ಕನ್ನಡ ಕುಟುಂಬವೊಂದರ ಪ್ರಕರಣ

ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ, ಹೆಸರುಗಳನ್ನು ಕೊಟ್ಟಿಲ್ಲ. ಊರನ್ನು ಮಾತ್ರ ಇದ್ದ ಹಾಗೆ ಇಟ್ಟಿದೆ. ಅಲ್ಲಿನ ಹೊಗೆ, ದೂರ, ಹಾಸ್ಟೆಲ್ಲುಗಳ ಪದ್ಧತಿ ತಿಳಿಯದಿದ್ದರೆ ಈ ಮನೆಯಲ್ಲಿ ಆದದ್ದು ಯಾಕೆ ಆಯಿತೆಂಬುದು ಗೊತ್ತಾಗುವುದಿಲ್ಲ.

ಹಿನ್ನೆಲೆ

ಚಿಯಾಂಗ್ ಮಾಯ್ ಉತ್ತರ ಥಾಯ್ಲೆಂಡಿನ ದೊಡ್ಡ ಊರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿ ಡೇನಿಯಲ್ ಮೆಕ್‌ಗಿಲ್ವರಿ 1867ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಅಷ್ಟು ಹಳೆಯ ಮಿಷನ್ ಇದ್ದರೂ ಬೌದ್ಧರೇ ಬಹುಸಂಖ್ಯಾತರಾದ ಈ ದೇಶದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಬೆಟ್ಟದ ಜನರಾದ ಕರೆನ್, ಲಾಹು, ಆಖಾ, ಲಿಸು ಸಮುದಾಯಗಳಲ್ಲಿ ಮಾತ್ರ ಲೆಕ್ಕ ಬೇರೆ. ಊರಿಗೆ ಊರೇ ಸಭೆಗೆ (ಚರ್ಚಿಗೆ) ಸೇರಿದ ಹಳ್ಳಿಗಳಿವೆ. ಆ ಹಳ್ಳಿಗಳ ಹುಡುಗ ಹುಡುಗಿಯರು ಕಾಲೇಜಿಗೆಂದು ಪೇಟೆಗೆ ಇಳಿದರೆ ಉಳಿದುಕೊಳ್ಳುವುದು ಹೆಚ್ಚಾಗಿ ಸಭೆಗಳು ನಡೆಸುವ ಹಾಸ್ಟೆಲ್ಲುಗಳಲ್ಲಿ. ಊರಿನ ಸಭೆಯ ಕಣ್ಣಳತೆಯಿಂದ ಮೊದಲ ಸಲ ಹೊರಗೆ ಬಂದ ಈ ವಯಸ್ಸಿನವರ ಜೊತೆ ಕೂತು, ಸತ್ಯವೇದ (ಬೈಬಲ್) ಓದಿ, ಓದು, ಮದುವೆ, ದುಡ್ಡು, ನಂಬಿಕೆ ಎಲ್ಲದರ ಬಗ್ಗೆ ಮಾತಾಡುವವರು ಬೇಕಾಗುತ್ತಾರೆ. ಹೊರದೇಶದಿಂದ ಬಂದ ಸೇವಕ ಕುಟುಂಬಗಳು ಈ ಕೆಲಸಕ್ಕೆ ಸುಲಭವಾಗಿ ಇಳಿಯುತ್ತವೆ.

ನಮ್ಮ ಪ್ರಕರಣದ ದಂಪತಿ ಹುಬ್ಬಳ್ಳಿ-ಧಾರವಾಡ ಕಡೆಯವರು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಕಟ್ಟಿದ ಸಭೆಗಳ ಪರಂಪರೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಪತಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು, ಪತ್ನಿ ನರ್ಸ್. ಹೋಗುವಾಗ ಮಗಳಿಗೆ ಹನ್ನೆರಡು, ಮಗನಿಗೆ ಏಳು. ತಿಂಗಳ ಖರ್ಚಿಗೆ ಊರಿನ ಸಭೆ ಮತ್ತು ಬೆಂಗಳೂರಿನ ಕೆಲವು ಕುಟುಂಬಗಳ ಬೆಂಬಲ. ಥಾಯ್ಲೆಂಡಿನಲ್ಲಿ ನೋಂದಾಯಿತ ಕ್ರೈಸ್ತ ಪ್ರತಿಷ್ಠಾನವೊಂದರ ಮೂಲಕ ಪತಿಗೆ ಧಾರ್ಮಿಕ ಕೆಲಸದ ವೀಸಾ, ಉಳಿದವರಿಗೆ ಅವಲಂಬಿತರ ವೀಸಾ. ತೊಂಬತ್ತು ದಿನಕ್ಕೊಮ್ಮೆ ವಿಳಾಸದ ವರದಿ ಕೊಡಬೇಕು, ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳದೆ ಊರಿಗೆ ಹೊರಟರೆ ವೀಸಾದ ಅವಧಿಯೇ ರದ್ದಾಗುತ್ತದೆ. ಈ ಕಚೇರಿ ಕೆಲಸಗಳನ್ನು ಅವರು ಅಚ್ಚುಕಟ್ಟಾಗಿ ನೋಡಿಕೊಂಡರು. ಮೊದಲ ವರ್ಷ ಸೇವೆಗೆ ಕೈ ಹಾಕದೆ ಥಾಯ್ ಕಲಿತರು. ಇದು ಸರಿಯಾದ ನಿರ್ಧಾರ. ದನಿಯ ಏರಿಳಿತಕ್ಕೆ ಅರ್ಥ ಬದಲಾಗುವ, ಐದು ಸ್ವರಮಟ್ಟಗಳ (ಟೋನ್) ಭಾಷೆಯನ್ನು ಕೆಲಸದ ನಡುವೆ ಕಲಿಯುತ್ತೇವೆಂದವರು ಸಂತೆಯ ಥಾಯ್‌ನಲ್ಲೇ ಉಳಿದುಬಿಡುತ್ತಾರೆ.

ಊರಿನ ದಕ್ಷಿಣಕ್ಕೆ ಹಾಂಗ್ ಡಾಂಗ್ ಕಡೆ ಮೂರು ಮಲಗುವ ಕೋಣೆಯ ಬಾಡಿಗೆ ಮನೆ. ಬಾಡಿಗೆ ಕಡಿಮೆ, ಮಕ್ಕಳ ಇಂಟರ್‌ನ್ಯಾಷನಲ್ ಶಾಲೆ ಹತ್ತಿರ. ವಿಶ್ವವಿದ್ಯಾಲಯದ ಕಡೆಯ ಹಾಸ್ಟೆಲ್‌ನಿಂದ ಮಾತ್ರ ಬೈಕಿನಲ್ಲಿ ಮೂವತ್ತೈದು ನಿಮಿಷ. ಮನೆ ಹಿಡಿಯುವಾಗ ಯಾರೂ ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊರೆ ಬೆಳೆದ ಬಗೆ

ಎರಡನೆಯ ವರ್ಷದ ಜೂನ್‌ನಲ್ಲಿ ಆರು ವಿದ್ಯಾರ್ಥಿಗಳಿದ್ದರು, ಡಿಸೆಂಬರ್ ಹೊತ್ತಿಗೆ ಹದಿನಾಲ್ಕಾದರು. ಬುಧವಾರ ಸಂಜೆ ಆರೂವರೆಗೆ ಮನೆಯಲ್ಲಿ ಊಟ, ಹಾಡು, ಅಧ್ಯಯನ, ಮುಗಿಯುವಾಗ ಒಂಬತ್ತೂವರೆ. ಭಾನುವಾರ ಆರಾಧನೆಯ ನಂತರ ಎಲ್ಲರಿಗೂ ಮಧ್ಯಾಹ್ನದ ಊಟ: ಎರಡು ಕಿಲೋ ಅಕ್ಕಿ, ಮೂರು ಕಿಲೋ ಕೋಳಿ, ಒಂದು ದೊಡ್ಡ ಪಾತ್ರೆ ಸಾರು. ವಾರದಲ್ಲಿ ಆರು ಜನರ ಜೊತೆ ಒಬ್ಬೊಬ್ಬರಾಗಿ ಭೇಟಿ. ಇದರ ಮೇಲೆ ಲೈನ್ ಆಪ್. ಅಲ್ಲಿ ನಮ್ಮ ವಾಟ್ಸಾಪ್ ಕೆಲಸವನ್ನೆಲ್ಲ ಅದೇ ಮಾಡುತ್ತದೆ. ರಾತ್ರಿ ಹನ್ನೊಂದಕ್ಕೂ ‘ಆಚಾನ್, ನಾಳೆ ಪರೀಕ್ಷೆ, ಪ್ರಾರ್ಥಿಸಿ’ ಎಂಬ ಸಂದೇಶ. ಗುರುವಿಗೆ, ಪಾಠ ಹೇಳುವವರಿಗೆ ಅಲ್ಲಿನವರು ಆಚಾನ್ ಎನ್ನುತ್ತಾರೆ.

ಇದರಲ್ಲಿ ಯಾವುದೂ ತನ್ನಷ್ಟಕ್ಕೆ ತಪ್ಪಲ್ಲ. ಮನೆ ತೆರೆದಿಡುವುದು ಊರಿನ ಸಭೆಗಳಲ್ಲಿ ಬೆಳೆದವರಿಗೆ ಸೇವೆಯ ಮೊದಲ ಪಾಠ. ಆದರೆ ಊರಿನಲ್ಲಿ ಅಂಥ ಮನೆಯ ಹಿಂದೆ ಅತ್ತೆ, ನಾದಿನಿ, ಪಕ್ಕದ ಮನೆಯ ಅಕ್ಕ, ಸ್ತ್ರೀಯರ ಕೂಟ ಎಲ್ಲ ಇರುತ್ತವೆ. ಇಲ್ಲಿ ಆ ಪಾತ್ರೆಗಳನ್ನೆಲ್ಲ ಒಬ್ಬಳೇ ತೊಳೆಯಬೇಕು.

ಫೆಬ್ರವರಿಯಲ್ಲಿ ಹೊಗೆ ಬಂತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆ ಮತ್ತು ಕಾಡಿನ ತರಗೆಲೆಗೆ ಬೆಂಕಿ ಬೀಳುತ್ತದೆ. ಗಡಿಯಾಚೆಯ ಹೊಗೆಯೂ ಸೇರುತ್ತದೆ. ಸುತ್ತ ಬೆಟ್ಟ, ಮೇಲೆ ಬಿಸಿ ಗಾಳಿಯ ಪದರ, ಹಾಗಾಗಿ ಕಣಿವೆಯೊಳಗೆ ನಿಂತದ್ದು ಹೊರಗೆ ಹೋಗುವುದಿಲ್ಲ. ಕೆಲವು ದಿನ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ಅಳತೆಯಲ್ಲಿ ಚಿಯಾಂಗ್ ಮಾಯ್ ಜಗತ್ತಿನ ಅತಿ ಕೆಟ್ಟ ಊರುಗಳ ಸಾಲಿಗೆ ಬರುತ್ತದೆ. ಆ ವಾರಗಳಲ್ಲಿ ಮಕ್ಕಳ ಆಟ ಬಂದ್, ಎಲ್ಲರೂ ಕಿಟಕಿ ಮುಚ್ಚಿಕೊಂಡು ಒಳಗೆ.

ಮನೆಯಲ್ಲಿ ಒಳ್ಳೆಯ ಏರ್ ಪ್ಯೂರಿಫೈಯರ್ ಇದ್ದದ್ದು ಒಂದು, ಮಗಳ ಕೋಣೆಯಲ್ಲಿ. ಹಾಸ್ಟೆಲ್‌ನಲ್ಲಿ ಒಂದೂ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿಗೆ ಉಬ್ಬಸ ಜಾಸ್ತಿಯಾದಾಗ ಪತ್ನಿ, ನರ್ಸ್ ಆಗಿ, ಮಾಡಬೇಕಾದ್ದನ್ನೇ ಮಾಡಿದರು: ಆಕೆಯನ್ನು ಆ ಕೋಣೆಯಲ್ಲಿ ಮಲಗಿಸಿದರು. ಮರುವಾರ ಗೆಳತಿಯೂ ಬಂದಳು. ಮಗಳು ಹಾಸಿಗೆ ಸುತ್ತಿಕೊಂಡು ಅಪ್ಪ, ಅಮ್ಮ, ತಮ್ಮನ ಜೊತೆ ಮಲಗತೊಡಗಿದಳು. ಮೇ ತಿಂಗಳ ಮಳೆಗೆ ಹೊಗೆ ಇಳಿಯಿತು. ಬುಧವಾರ ರಾತ್ರಿ ಇಬ್ಬರು ಮೂವರು ಹುಡುಗಿಯರು ಅದೇ ಕೋಣೆಯಲ್ಲಿ ಉಳಿಯುವುದು ಮಾತ್ರ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ಯಾರೂ ಕೇಳಲಿಲ್ಲ; ಪ್ರಕರಣದ ಕೀಲಿ ಇರುವುದು ಅಲ್ಲಿ.

ತೊಡಕು ಬೆಳಕಿಗೆ ಬಂದದ್ದು ಶಾಲೆಯ ಬಿಲ್ಲಿನಿಂದ. ಮೂರೂವರೆಯ ವ್ಯಾನ್ ಬಿಟ್ಟು ಐದೂಕಾಲರ ವ್ಯಾನಿಗೆ ಹತ್ತಿದರೆ ಬೇರೆ ಶುಲ್ಕ. ಅದು ಕ್ರೀಡೆ, ಸಂಗೀತದ ಗುಂಪುಗಳಲ್ಲಿರುವ ಮಕ್ಕಳಿಗೆ. ಮಗಳು ಯಾವ ಗುಂಪಿಗೂ ಸೇರಿರಲಿಲ್ಲ, ಆದರೂ ಎರಡು ತಿಂಗಳಿಂದ ಹೆಚ್ಚುಕಡಿಮೆ ದಿನಾ ಎರಡನೆಯ ವ್ಯಾನಿನಲ್ಲೇ ಬಂದಿದ್ದಳು. ಕೇಳಿದಾಗ ಅವಳ ಉತ್ತರದಲ್ಲಿ ಸಿಟ್ಟಿರಲಿಲ್ಲ: “ಮನ್ಯಾಗ ಓದಾಕ ಜಾಗಾನ ಇಲ್ಲಲ್ಲಮ್ಮ. ಲೈಬ್ರರಿ ಬಾಗಲಾ ಹಾಕೂತನಾ ಅಲ್ಲೇ ಕೂಡ್ತೀನಿ.”

ಇದೇ ಹೊತ್ತಿಗೆ ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದ್ದ. ಥಾಯ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಹುಬ್ಬಳ್ಳಿಯ ಅಜ್ಜಿ ಸಂಜೆ ಏಳಕ್ಕೆ ಫೋನ್ ಮಾಡಿದರೆ ಇಲ್ಲಿ ಎಂಟೂವರೆ. ಬುಧವಾರ ಗುಂಪು, ಇನ್ನು ಮೂರು ರಾತ್ರಿ ಯಾರಾದರೂ ಒಬ್ಬರ ಭೇಟಿ. ಅಜ್ಜಿಯ ಫೋನ್ ವಾರಕ್ಕೆ ಒಂದಕ್ಕೆ ಇಳಿದಿತ್ತು.

ಮೊದಲು ಮಾಡಿದ್ದು

ವಾರಕ್ಕೆ ಎರಡು ದಿನ ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರು. ಪಾತ್ರೆ ಕಡಿಮೆಯಾಯಿತು, ಜನ ಕಡಿಮೆಯಾಗಲಿಲ್ಲ. ಒಂದು ವಾರ ಸಮುದ್ರತೀರಕ್ಕೆ ರಜೆಗೂ ಹೋಗಿಬಂದರು, ಫೋನ್ ಜೊತೆಯಲ್ಲೇ ಇತ್ತು.

ಮೂರನೆಯದು ನಿಜವಾಗಿ ಕೆಟ್ಟ ಫಲ ಕೊಟ್ಟಿತು. ಪತಿ ಲೈನ್ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದರು: ಶುಕ್ರವಾರ, ಶನಿವಾರ ಕುಟುಂಬದ ದಿನ, ದಯವಿಟ್ಟು ಬರಬೇಡಿ; ರಾತ್ರಿ ಉಳಿಯುವವರು ಮೊದಲೇ ಕೇಳಿ. ವಿನಯದ ಮಾತು, ಥಾಯ್ ಕೂಡ ಸರಿಯಾಗಿತ್ತು. ಎಲ್ಲರೂ ಕೈಮುಗಿಯುವ ಸ್ಟಿಕರ್ ಕಳಿಸಿದರು. ಮುಂದಿನ ಎರಡು ವಾರದಲ್ಲಿ ಮೂವರು ಬರುವುದನ್ನೇ ಬಿಟ್ಟರು. ಕೇಳಿದರೆ ‘ಓದು ಜಾಸ್ತಿ’ ಎಂದರು.

ಆ ಸಮಾಜದಲ್ಲಿ ಹಿರಿಯರ ಅಸಮಾಧಾನ ಎಲ್ಲರೆದುರು ಹೊರಗೆ ಬರುವುದಿಲ್ಲ. ಬಂದರೆ ಅದು ಬೈಗುಳಕ್ಕೆ ಸಮ. ಪ್ರಕಟಣೆ ಎಲ್ಲರಿಗೂ ಇದ್ದರೂ, ರಾತ್ರಿ ಉಳಿಯುತ್ತಿದ್ದವರು ಯಾರೆಂದು ಗುಂಪಿಗೆಲ್ಲ ಗೊತ್ತಿತ್ತು, ಅವಮಾನವಾದದ್ದು ಅವರಿಗೆ. ಇಂಥ ಮಾತನ್ನು ಗುಂಪಿನಲ್ಲಿ ವಯಸ್ಸಿಗೆ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಒಬ್ಬರೇ ಇದ್ದಾಗ ಹೇಳಬೇಕು. ಅವರು ಕಿರಿಯರಿಗೆ ಅಕ್ಕ-ಅಣ್ಣನ ಸಲಿಗೆಯಲ್ಲಿ ದಾಟಿಸುತ್ತಾರೆ. ಹೊರದೇಶದವರು ‘ನೇರವಾಗಿ ಹೇಳುವುದು ಪ್ರಾಮಾಣಿಕತೆ’ ಎಂಬ ನಂಬಿಕೆಯಿಂದ ಇಲ್ಲಿ ಎಡವುವುದು ಬಹಳ ಸಾಮಾನ್ಯ. ನಮ್ಮವರು ಇನ್ನೂ ಹೆಚ್ಚು ಎಡವುತ್ತಾರೆ ಅನ್ನಿಸುತ್ತದೆ. ‘ನಾವೂ ಏಷ್ಯಾದವರೇ, ನಮಗೆ ಗೊತ್ತು’ ಎಂಬ ಧೈರ್ಯ ಇರುತ್ತದಲ್ಲ.

ತಿರುವು

ಮೂವರು ಬಿಟ್ಟುಹೋದ ಮೇಲೆ ಪತ್ನಿ ಹಾಸ್ಟೆಲ್‌ನ ವಾರ್ಡನ್ ಬಳಿ ಹೋದರು. ವಾರ್ಡನ್ ಕರೆನ್ ಸಮುದಾಯದ, ಅರವತ್ತು ದಾಟಿದ ವಿಧವೆ, ಬೆಟ್ಟದ ಸಭೆಯೊಂದರ ಹಿರಿಯರೂ ಹೌದು. ದೂರು ಹೇಳುವ ಧಾಟಿ ಬಿಟ್ಟು, ‘ಅಮ್ಮಾ, ನಿಮ್ಮ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಹೇಳಿಕೊಡಿ’ ಎಂದು ಕೇಳಿದರು. ಎರಡು ಭೇಟಿ ಊಟ ಉಪಚಾರದಲ್ಲೇ ಕಳೆದವು. ಮೂರನೆಯ ಸಲ ವಿಷಯ ಹೊರಗೆ ಬಂತು.

ಹಾಸ್ಟೆಲ್‌ನ ಗೇಟು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಬುಧವಾರದ ಗುಂಪು ಮುಗಿಯುವುದು ಒಂಬತ್ತೂವರೆಗೆ, ದಾರಿ ಮೂವತ್ತೈದು ನಿಮಿಷದ್ದು. ಬೈಕ್ ಇರುವ ಹುಡುಗರು ಜೋರಾಗಿ ಓಡಿಸಿ ಹೇಗೋ ಮುಟ್ಟುತ್ತಿದ್ದರು. ಹಳದಿ ಸಾಂಗ್‌ತ್ಯೂ (ಹಿಂದೆ ಎರಡು ಸಾಲು ಸೀಟಿನ ಬಾಡಿಗೆ ಗಾಡಿ) ನಂಬಿದ ಹುಡುಗಿಯರಿಗೆ ಆ ಹೊತ್ತಿಗೆ ಗಾಡಿ ಇಲ್ಲ. ಅವರು ಉಳಿದುಕೊಳ್ಳುತ್ತಿದ್ದದ್ದು ಬೇರೆ ದಾರಿಯಿಲ್ಲದೆ. ಕೂಟವನ್ನು ಅರ್ಧ ಗಂಟೆ ಮೊದಲು ಮುಗಿಸಿ ಎಂದು ಆಚಾನ್‌ಗೆ ಹೇಳುವುದು ಅವರ ನಾಲಿಗೆಗೆ ಬರುವ ಮಾತಲ್ಲ. ಆತಿಥೇಯರು ‘ಪಾಪ, ಅವರಿಗೆ ಮನೆಯ ವಾತಾವರಣ ಬೇಕು’ ಅಂದುಕೊಂಡರು. ಅತಿಥಿಗಳು ‘ಆಚಾನ್ ಮನೆಯವರಿಗೆ ನಾವು ಉಳಿಯುವುದು ಇಷ್ಟ’ ಅಂದುಕೊಂಡರು. ಮಗಳ ಕೋಣೆ ಹೋದದ್ದು ಈ ಎರಡು ಊಹೆಗಳ ನಡುವೆ.

ವಾರ್ಡನ್ ಹೇಳಿದ ಎರಡನೆಯ ಸಂಗತಿ ಇನ್ನೂ ಕಟುವಾಗಿತ್ತು. ವಿದ್ಯಾರ್ಥಿಗಳಿಗೆ ಚಿಯಾಂಗ್ ಮಾಯ್‌ನಲ್ಲೇ ಅವರದೇ ಭಾಷೆಯ ಸಭೆ ಇತ್ತು, ಭಾನುವಾರ ಅಲ್ಲಿ ಒಟ್ಟಿಗೆ ಊಟ, ನಂತರ ಕಿರಿಯರಿಗೆ ಹಾಡಿನ ಅಭ್ಯಾಸ. ಕಳೆದ ಒಂದು ವರ್ಷದಿಂದ ಇವರು ಆರಾಧನೆ ಮುಗಿದದ್ದೇ ಹಾಂಗ್ ಡಾಂಗ್‌ಗೆ ಓಡುತ್ತಿದ್ದರು. ಅಭ್ಯಾಸ ನಡೆಸುವವರಿಲ್ಲದೆ ನಿಂತುಹೋಗಿತ್ತು. ಹೊರಗಿನಿಂದ ಬಂದ ಮಾರ್ಗದರ್ಶಕರು ಸ್ಥಳೀಯ ಸಭೆಗೆ ಜನರನ್ನು ತಯಾರಿಸುವ ಬದಲು ಅಲ್ಲಿಂದ ಜನರನ್ನು ಎಳೆದುಕೊಂಡಿದ್ದರು. ಬೈಬಲಿನ 2 ತಿಮೊಥೆಯ 2:2ನ್ನು ಇಂಥ ಸೇವೆಯವರು ಕಂಠಪಾಠ ಮಾಡಿರುತ್ತಾರೆ. ಅದರಲ್ಲಿ ಬೋಧನೆ ದಾಟುತ್ತಾ ಹೋಗುತ್ತದೆ: ಪೌಲನಿಂದ ತಿಮೊಥೆಯನಿಗೆ, ಅವನಿಂದ ನಂಬಿಗಸ್ತರಿಗೆ, ಅವರಿಂದ ಇನ್ನೊಬ್ಬರಿಗೆ. ಈ ಮನೆಯಲ್ಲಿ ಸರಪಳಿ ಎರಡನೆಯ ಕೊಂಡಿಯಲ್ಲೇ ನಿಂತಿತ್ತು, ಏಕೆಂದರೆ ಹದಿನಾಲ್ಕೂ ಜನ ಇನ್ನೂ ಅತಿಥಿಗಳಾಗಿಯೇ ಇದ್ದರು.

ಬದಲಿಸಿದ್ದು

ಗುಂಪನ್ನು ಹಾಸ್ಟೆಲ್‌ನ ಊಟದ ಹಾಲ್‌ಗೆ ಒಯ್ದರು. ಬುಧವಾರ ಐದೂವರೆಯಿಂದ ಏಳರವರೆಗೆ. ಊಟ ಹಾಸ್ಟೆಲ್‌ದೇ, ದಂಪತಿ ಹಣ್ಣು ಮಾತ್ರ ಒಯ್ಯುತ್ತಾರೆ. ಒಂದು ವಾರ ಪತಿ, ಇನ್ನೊಂದು ವಾರ ಪತ್ನಿ. ಮತ್ತೊಬ್ಬರು ಮಕ್ಕಳ ಜೊತೆ ಮನೆಯಲ್ಲಿ. ಭಾನುವಾರದ ಊಟ ನಿಲ್ಲಿಸಿದರು, ಬದಲಿಗೆ ಕುಟುಂಬವೇ ತಿಂಗಳಿಗೊಮ್ಮೆ ಕರೆನ್ ಸಭೆಯ ಊಟಕ್ಕೆ ಹೋಗತೊಡಗಿತು. ಈ ಬದಲಾವಣೆಯನ್ನು ವಿದ್ಯಾರ್ಥಿಗಳಿಗೆ ತಿಳಿಸಿದ್ದು ವಾರ್ಡನ್. ಅವರು ಅದನ್ನು ಹೇಳಿದ ರೀತಿ: ‘ಆಚಾನ್ ಮನೆಯವರನ್ನು ನಾವು ಇಷ್ಟು ದಿನ ಕೂರಿಸಿ ಊಟ ಹಾಕಿಲ್ಲ, ಇನ್ನು ಮುಂದೆ ನಮ್ಮ ಸರದಿ.’ ಯಾರಿಗೂ ಮುಖ ಕೆಡಲಿಲ್ಲ.

ನೇರ ಮಾರ್ಗದರ್ಶನಕ್ಕೆ ಹದಿನಾಲ್ಕರಿಂದ ನಾಲ್ವರನ್ನು ಮಾತ್ರ ಇಟ್ಟುಕೊಂಡರು. ಇಬ್ಬರು ಹುಡುಗರು ಪತಿಯ ಜೊತೆ, ಇಬ್ಬರು ಹುಡುಗಿಯರು ಪತ್ನಿಯ ಜೊತೆ. ಆಯ್ಕೆಗೆ ವಾರ್ಡನ್ ಹೇಳಿದ ಅಳತೆ ಒಂದೇ: ಈಗಾಗಲೇ ಕಿರಿಯರು ಯಾರ ಬಳಿ ಹೋಗಿ ಕೂರುತ್ತಾರೆ? ಇಂಗ್ಲಿಷ್ ಚೆನ್ನಾಗಿ ಬರುವವರನ್ನೇ ಆರಿಸುವುದು ಹೊರದೇಶದವರ ಚಾಳಿ, ಹಾಗೆ ಆರಿಸಿದ್ದರೆ ಬೇರೆಯೇ ನಾಲ್ವರು ಬರುತ್ತಿದ್ದರು. ಭೇಟಿ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಅಥವಾ ಕಾಫಿ ಅಂಗಡಿಯಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವ ಮೇಜಿನಲ್ಲಿ, ಎರಡು ವಾರಕ್ಕೊಮ್ಮೆ ಒಂದು ಗಂಟೆ. ಒಟ್ಟು ಒಂಬತ್ತು ತಿಂಗಳು, ಮುಗಿಯುವ ತಿಂಗಳನ್ನು ಮೊದಲ ದಿನವೇ ಗೊತ್ತುಮಾಡಿದರು. ಕೊನೆ ಗೊತ್ತಿಲ್ಲದ ಸಂಬಂಧದಲ್ಲಿ ಕಿರಿಯರು ತಾವಾಗಿ ‘ಸಾಕು’ ಎನ್ನಲಾರರು, ಮೆಲ್ಲಗೆ ಮಾಯವಾಗುತ್ತಾರೆ. ತಾರೀಕು ಇದ್ದರೆ ಮರ್ಯಾದೆಯಿಂದ ಮುಗಿಸಬಹುದು, ಬೇಕಾದರೆ ಮುಂದುವರಿಸಲೂಬಹುದು. ಪ್ರತಿ ಭೇಟಿಯಲ್ಲಿ ಸತ್ಯವೇದದ ಓದಿನ ಜೊತೆಗೆ ಒಂದು ಪ್ರಶ್ನೆ ತಪ್ಪದೆ: ಕಳೆದ ಸಲದ ಮಾತನ್ನು ಯಾರ ಜೊತೆ ಹಂಚಿಕೊಂಡೆ?

ಸಾಲದ ವಿಷಯವೂ ಇಲ್ಲೇ ಇತ್ಯರ್ಥವಾಯಿತು. ಬೈಕ್ ರಿಪೇರಿ, ಪರೀಕ್ಷಾ ಶುಲ್ಕ ಎಂದು ಐನೂರು, ಸಾವಿರ ಬಾತ್ (ಥಾಯ್ ಹಣ) ಕೊಡುತ್ತಾ ಬಂದಿದ್ದರು. ತಿರುಗಿ ಕೊಡಲಾಗದವರು ದುಡ್ಡಿನ ಜೊತೆ ತಾವೂ ತಪ್ಪಿಸಿಕೊಳ್ಳುತ್ತಿದ್ದರು. ಈಗ ಕುಟುಂಬ ತಿಂಗಳಿಗೆ ಒಂದು ಗೊತ್ತಾದ ಮೊತ್ತವನ್ನು ಹಾಸ್ಟೆಲ್ ನಿಧಿಗೆ ಹಾಕುತ್ತದೆ. ಯಾರಿಗೆ, ಎಷ್ಟು ಎಂಬುದನ್ನು ವಾರ್ಡನ್ ಮತ್ತು ಸಭೆಯ ಹಿರಿಯರು ನೋಡಿಕೊಳ್ಳುತ್ತಾರೆ.

ಹೊಗೆಗೆ ಬೇರೆ ಉಪಾಯ. ಚಿಯಾಂಗ್ ಮಾಯ್‌ನಲ್ಲಿ ಅನೇಕರು ಮಾಡಿಕೊಳ್ಳುವ ಹಾಗೆ ಬಾಕ್ಸ್ ಫ್ಯಾನಿಗೆ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಬಿಗಿದು ಹಾಸ್ಟೆಲ್‌ನ ಎರಡು ಕೋಣೆಗಳಿಗೆ ಇಟ್ಟರು. ಹಾಳಾಗುವುದು ಮೂರು ಕಡೆ. ಫಿಲ್ಟರ್ ಮತ್ತು ಫ್ಯಾನಿನ ನಡುವೆ ಸಂದು ಉಳಿದರೆ ಗಾಳಿ ಫಿಲ್ಟರ್ ತಪ್ಪಿಸಿ ಬರುತ್ತದೆ, ಅಂಚಿಗೆ ಟೇಪ್ ಸುತ್ತಬೇಕು. ಸಣ್ಣ ಮೋಟರಿನ ಫ್ಯಾನ್ ಎದುರೊತ್ತಡಕ್ಕೆ ಬಿಸಿಯಾಗುತ್ತದೆ, ರಾತ್ರಿಯಿಡೀ ಬಿಟ್ಟು ಮಲಗುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಆರೆಂಟು ಜನ ಮಲಗಿದರೆ ಹೊಗೆಯಿಲ್ಲದಿದ್ದರೂ ಉಸಿರು ಕಟ್ಟುತ್ತದೆ, ಆಗಾಗ ಬಾಗಿಲು ತೆರೆಯಬೇಕು. ಉಬ್ಬಸದ ಹುಡುಗಿಗೆ ಇನ್‌ಹೇಲರ್ ಬಳಸುವ ಕ್ರಮವನ್ನು ಪತ್ನಿ ವಾರ್ಡನ್‌ಗೂ ಕಲಿಸಿಟ್ಟರು.

ಮನೆಯೊಳಗಿನ ನಿರ್ಧಾರಗಳು ಕಡಿಮೆ, ಆದರೆ ಕಟ್ಟುನಿಟ್ಟು. ಮಗಳ ಕೋಣೆಗೆ ಚಿಲಕ, ಕೀಲಿ ಅವಳ ಕೈಯಲ್ಲಿ; ಯಾವ ಅತಿಥಿಗೂ ಆ ಕೋಣೆ ಇಲ್ಲ, ಊರಿಂದ ನೆಂಟರು ಬಂದರೂ ಇಲ್ಲ. ಹೆಚ್ಚುವರಿ ಹಾಸಿಗೆಗಳನ್ನು ಹಾಸ್ಟೆಲ್‌ಗೆ ಕೊಟ್ಟುಬಿಟ್ಟರು. ಹಾಸಿಗೆ ಮನೆಯಲ್ಲಿದ್ದರೆ ‘ಇವತ್ತೊಂದು ದಿನ’ ಎಂಬ ಮಾತು ಬಂದೇ ಬರುತ್ತದೆ. ಎಂಟು ಗಂಟೆಯ ನಂತರ ಫೋನುಗಳು ಅಡುಗೆಮನೆಯ ಡ್ರಾಯರಿನಲ್ಲಿ. ಎಂಟೂವರೆಗೆ ಟ್ಯಾಬ್‌ನಲ್ಲಿ ಅಜ್ಜಿ. ಕನ್ನಡ ಸತ್ಯವೇದದಿಂದ ಒಂದು ಭಾಗವನ್ನು ಮಗ ಓದುತ್ತಾನೆ, ಅಜ್ಜಿ ಆ ಕಡೆಯಿಂದ ಒತ್ತಕ್ಷರ ತಿದ್ದುತ್ತಾರೆ. ಮಗನಿಗೆ ಕನ್ನಡ ಕಲಿಸಲು ಹಿಂದೆ ಮಾಡಿದ್ದ ಪಠ್ಯಪುಸ್ತಕ, ಆಪ್‌ಗಳ ಪ್ರಯತ್ನಕ್ಕಿಂತ ಇದು ಚೆನ್ನಾಗಿ ಹಿಡಿಯಿತು.

ಆದದ್ದು

ಮೊದಲ ಎರಡು ತಿಂಗಳು ಗುಂಪು ಒಂಬತ್ತಕ್ಕೆ ಇಳಿಯಿತು. ಬಿಟ್ಟಿದ್ದ ಮೂವರಲ್ಲಿ ಒಬ್ಬಳು ಹಾಸ್ಟೆಲ್ ಹಾಲ್‌ಗೆ ತಿರುಗಿ ಬಂದಳು, ಇಬ್ಬರು ಬರಲಿಲ್ಲ. ನಾಲ್ವರಲ್ಲಿ ಒಬ್ಬ ಒಂಬತ್ತು ತಿಂಗಳು ಮುಗಿಯುವ ಮೊದಲೇ ಕೆಲಸ ಸಿಕ್ಕಿ ಬ್ಯಾಂಕಾಕಿಗೆ ಹೋದ. ಉಳಿದ ಮೂವರು ತಲಾ ಇಬ್ಬರು ಮೂವರು ಕಿರಿಯರ ಜೊತೆ ಕರೆನ್ ಮತ್ತು ಲಾಹು ಭಾಷೆಗಳಲ್ಲೇ ಓದು ಶುರುಮಾಡಿದರು. ಅಲ್ಲಿ ಏನು ಮಾತಾಗುತ್ತದೆಂದು ದಂಪತಿಗೆ ಅರ್ಧಂಬರ್ಧ ಗೊತ್ತು, ಅಷ್ಟೇ. ಅದು ತಮ್ಮ ಕೈ ತಪ್ಪಿತು ಎಂಬ ಕಳವಳ ಪತಿಗೆ ಬಹಳ ದಿನ ಇತ್ತು. ಭಾನುವಾರದ ಹಾಡಿನ ಅಭ್ಯಾಸ ಮತ್ತೆ ನಡೆಯುತ್ತಿದೆ.

ಬೆಂಬಲಿಗರ ಕಡೆಯಿಂದ ಕಷ್ಟ ಬಂತು. ಮೂರು ತಿಂಗಳಿಗೊಮ್ಮೆ ಕಳಿಸುವ ವರದಿಯಲ್ಲಿ ಮೊದಲ ಕಾಲಂ ‘ಕೂಟಕ್ಕೆ ಬಂದವರ ಸಂಖ್ಯೆ’. ಆರು, ಹತ್ತು, ಹದಿನಾಲ್ಕು ಎಂದು ಏರುತ್ತಿದ್ದದ್ದು ಒಂಬತ್ತಾದಾಗ ಪ್ರಶ್ನೆಗಳು ಬಂದವು, ಒಂದು ಕುಟುಂಬ ಬೆಂಬಲ ನಿಲ್ಲಿಸಿತು. ಈ ಕಾಲಂ ಇರುವವರೆಗೆ ಯಾವ ಸೇವಕ ಕುಟುಂಬವೂ ಮನೆಯ ಬಾಗಿಲು ಮುಚ್ಚಲು ಧೈರ್ಯ ಮಾಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕಳಿಸುವ ಸಭೆ ತಾನೇ ಅದನ್ನು ಬದಲಿಸಬೇಕು. ಇಲ್ಲಿ ಊರಿನ ಸಭಾಪಾಲಕರು ಒಪ್ಪಿದ್ದರಿಂದ ಈಗ ಮೂರು ಕಾಲಂ ಇವೆ: ನೀವು ಮಾರ್ಗದರ್ಶನ ಮಾಡಿದವರು ಈಗ ಯಾರಿಗೆ ಮಾಡುತ್ತಿದ್ದಾರೆ, ಸ್ಥಳೀಯ ಹಿರಿಯರು ಏನನ್ನುತ್ತಾರೆ, ಮಕ್ಕಳು ಹೇಗಿದ್ದಾರೆ. ಮೂರನೆಯದನ್ನು ಕಳಿಸುವ ಮೊದಲು ಮಕ್ಕಳಿಗೆ ಓದಿ ಹೇಳಬೇಕು, ಅವರು ಬೇಡವೆಂದ ವಿಷಯ ಬರೆಯುವಂತಿಲ್ಲ.

ಮಗಳು ಎರಡನೆಯ ವ್ಯಾನ್ ಬಿಟ್ಟದ್ದು ಕೀಲಿ ಕೊಟ್ಟ ಕೂಡಲೇ ಅಲ್ಲ, ಮುಂದಿನ ಅವಧಿಯಲ್ಲಿ. ವಾರಗಟ್ಟಲೆ ಅವಳು ಬುಧವಾರ ರಾತ್ರಿ ಕೋಣೆಯ ಚಿಲಕ ಹಾಕಿ ಪರೀಕ್ಷಿಸುತ್ತಿದ್ದಳು ಎಂದು ತಾಯಿ ಹೇಳುತ್ತಾರೆ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು ನೋಡಿ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಕರೆದದ್ದು ಇಂಥವರನ್ನೇ. ಅಪ್ಪ ಅಮ್ಮನ ನಾಡಿಗೂ ಪೂರ್ತಿ ಸೇರದೆ, ಇರುವ ನಾಡಿಗೂ ಸೇರದೆ ಬೆಳೆಯುವವರು. ಅಂಥ ಮಕ್ಕಳಿಗೆ ಕೋಣೆಯೊಂದೇ ಖಾಯಂ ವಿಳಾಸ, ಮತ್ತು ಅದನ್ನೇ ಮೊದಲು ಬಿಟ್ಟುಕೊಡಲು ಕೇಳಲಾಗುತ್ತದೆ.

ಹತ್ತನೆಯ ತರಗತಿಯ ನಂತರ ಹುಬ್ಬಳ್ಳಿಯಲ್ಲಿ ಅಜ್ಜಿಯ ಹತ್ತಿರ ಇದ್ದು ಪಿಯು ಓದುತ್ತೇನೆ ಎಂದು ಮಗಳು ಹೇಳಿದ್ದಾಳೆ. ತಂದೆಗೆ ಮನಸ್ಸಿಲ್ಲ, ತಾಯಿ ‘ಬಲವಂತವಾಗಿ ಇಟ್ಟುಕೊಳ್ಳೋದು ಬೇಡ’ ಎನ್ನುತ್ತಾರೆ. ನಿರ್ಧಾರ ಏನೇ ಆಗಲಿ, ವಿದೇಶಿ ಶಾಲೆಯ ಅಂಕಪಟ್ಟಿಗೆ ಭಾರತದಲ್ಲಿ ಸಮಾನತೆಯ ಪ್ರಮಾಣಪತ್ರ ಬೇಕಾಗಬಹುದು. ವಿಷಯಗಳ ಆಯ್ಕೆ ಅದಕ್ಕೆ ಹೊಂದದಿದ್ದರೆ ಆಮೇಲೆ ತಿದ್ದಲಾಗುವುದಿಲ್ಲ. ಹಾಗಾಗಿ ಒಂಬತ್ತನೆಯ ತರಗತಿಯ ವಿಷಯಗಳನ್ನು ಆ ಲೆಕ್ಕ ನೋಡಿಯೇ ಆರಿಸಿದ್ದಾರೆ. ಪಟ್ಟಿಯನ್ನು ಮಗಳೇ ಬರೆದಳು, ತಂದೆ ಸಹಿ ಹಾಕಿದರು.